ಹೆಚ್ಚಿದ ಲೋಟ, ದೊಡ್ಡದಾದ ದೀಪ

ಕೆಲವು ಮನೆಗಳಲ್ಲಿ ಕೆಟ್ಟ ಮಾತಿಗೆ ಹೊಸ್ತಿಲಲ್ಲೇ ತಡೆ. ಅದು ಒಳಗೆ ಬರಲೇಬೇಕಾದ ದಿನ ಮುಖ ತೊಳೆಸಿ, ಬಟ್ಟೆ ಬದಲಿಸಿ, ಗುರುತು ಸಿಗದ ಹಾಗೆ ಮಾಡಿ ಕರೆದುಕೊಳ್ಳುತ್ತಾರೆ. ಸಣ್ಣಕ್ಕ ಬೆಳೆದದ್ದು ಅಂಥ ಮನೆಯಲ್ಲಿ, ಅಜ್ಜಿಯ ಕೈಯಲ್ಲಿ. ಆ ಮನೆಯಲ್ಲಿ ಬಳೆ ಒಡೆದದ್ದನ್ನು ಯಾರೂ ಕೇಳಿಲ್ಲ. ಬಳೆ ಹೆಚ್ಚುತ್ತಿತ್ತು. ಡಬ್ಬಿಯಲ್ಲಿ ಸಕ್ಕರೆ ಮುಗಿಯುತ್ತಿರಲಿಲ್ಲ, ತುಂಬುತ್ತಿತ್ತು. ದೀಪ ಆರಿಸುವುದು ಎಂಬುದೇ ಇರಲಿಲ್ಲ, ಮಲಗುವ ಮುಂಚೆ ಅದನ್ನು ದೊಡ್ಡದು ಮಾಡುತ್ತಿದ್ದರು. ಮನೆಯಿಂದ ಹೊರಟ ಯಾರೂ ಹೋಗುತ್ತಿರಲಿಲ್ಲ, ಎಲ್ಲರೂ ಬರುತ್ತಿದ್ದರು. ಆಡಿದ್ದಕ್ಕೆಲ್ಲ ‘ಹಾಗೇ ಆಗಲಿ’ ಅನ್ನುವವನೊಬ್ಬ ಮೇಲೆ ಕುಳಿತಿದ್ದಾನೆ, ಅವನು ಯಾವ ಗಳಿಗೆಯಲ್ಲಿ ಕಿವಿ ಕೊಟ್ಟಿರುತ್ತಾನೋ ಗೊತ್ತಿಲ್ಲ, ಆದ್ದರಿಂದ ಒಳ್ಳೆಯದನ್ನೇ ಆಡಬೇಕು ಎಂಬುದು ಅಜ್ಜಿಯ ಲೆಕ್ಕ.

ಸಣ್ಣಕ್ಕನ ಗಂಡ ಗ್ಯಾರೇಜಿನ ಮೆಕ್ಯಾನಿಕ್. ಅವನು ಬೆಳೆದ ಮನೆಯಲ್ಲಿ ಇಂಥ ನಾಜೂಕೇನೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅಜ್ಜಿ ಬಾಗಿಲಲ್ಲಿ ನಿಂತು ಸಕ್ಕರೆ ತುಂಬಿದೆ ಕಣಪ್ಪ ಎಂದಾಗ, ಒಳ್ಳೆಯದೇ ಆಯಿತಲ್ಲ ಎಂದು ತಲೆಯಾಡಿಸಿ ಕೆಲಸಕ್ಕೆ ಹೋದ. ಸಂಜೆ ಸಪ್ಪೆ ಚಹಾ ನಾಲಿಗೆಗೆ ತಾಗಿದ ಮೇಲೆ ಅರ್ಥ ಹೊಳೆಯಿತು. ಅಂದಿನಿಂದ ಆ ಮನೆಯಲ್ಲಿ ಏನು ತುಂಬಿದೆ ಎಂದರೂ ಚೀಲ ಹಿಡಿದು ಹೊರಡುತ್ತಾನೆ.

ಅಕ್ಕತಂಗಿಯರಲ್ಲಿ ಕಿರಿಯವಳಾದ್ದರಿಂದ ಸಣ್ಣಕ್ಕ ಎಂಬ ಹೆಸರು ಅಂಟಿತ್ತು. ಈಗ ಕಪಾಟಿನ ಮೇಲಿನ ಡಬ್ಬಿ ಇಳಿಸಲು ಓಣಿಯವರೆಲ್ಲ ಅವಳನ್ನೇ ಕರೆಯುವಷ್ಟು ಎತ್ತರವಾಗಿದ್ದಳು, ಕಿವಿಯ ಪಕ್ಕದಲ್ಲಿ ಕೂದಲು ಬೆಳ್ಳಗಾಗಿತ್ತು, ಆದರೂ ಸಣ್ಣಕ್ಕನೇ. ಅವಳು ಕೆಲಸ ಮಾಡುತ್ತಿದ್ದುದು ಒಬ್ಬ ಸರ್ವೇಯರ್ ಸಾಹೇಬರ ಕಚೇರಿಯಲ್ಲಿ. ಜಮೀನು ಅಳೆಯುವ ಸರ್ವೇಯರ್ ಅಲ್ಲ, ನಷ್ಟ ಅಳೆಯುವ ಸರ್ವೇಯರ್. ಎಲ್ಲಿಯಾದರೂ ಬೆಂಕಿ ಬಿದ್ದರೆ, ಗಾಡಿಗೆ ಗಾಡಿ ಗುದ್ದಿದರೆ, ಹಡಗಿನಲ್ಲಿ ಬಂದ ಸರಕು ನೆನೆದುಹೋದರೆ ವಿಮಾ ಕಂಪನಿ ಮೊದಲು ಇಂಥವರನ್ನೇ ಕಳಿಸುವುದು. ಅವರು ಹೋಗಿ, ನೋಡಿ, ಮುಟ್ಟಿ, ಏನು ಹೋಯಿತು, ಹೇಗೆ ಹೋಯಿತು, ಯಾರ ತಪ್ಪಿನಿಂದ ಹೋಯಿತು ಎಂದು ವರದಿ ಬರೆದುಕೊಟ್ಟ ಮೇಲೆಯೇ ಪರಿಹಾರ. ಈ ಕೆಲಸಕ್ಕೆ ಪರವಾನಗಿ ಬೇಕು. ಸಾಹೇಬರ ಹತ್ತಿರ ಅದಿತ್ತು. ಅವರು ಹೇಳುತ್ತಿದ್ದರು, ಸಣ್ಣಕ್ಕ ಟೈಪ್ ಮಾಡುತ್ತಿದ್ದಳು. ಅವರ ಮಾತು ಅವಳ ಬೆರಳಿನಲ್ಲಿ ಹರಿದು ಹಾಳೆಗೆ ಇಳಿಯುವಾಗ ಒಂದು ಅಕ್ಷರವೂ ಕದಲುತ್ತಿರಲಿಲ್ಲ.

ವಯಸ್ಸಾದ ಹಾಗೆ ಸಾಹೇಬರ ಮಂಡಿ ಮಾತು ಕೇಳದಾಯಿತು. ಗೋದಾಮಿನ ಏಣಿ, ಅರೆಸುಟ್ಟ ಮಹಡಿ ಇವೆಲ್ಲ ಇನ್ನು ತಮ್ಮಿಂದಾಗದು ಎಂದು ಒಂದು ಬೆಳಗ್ಗೆ ಕನ್ನಡಕ ಒರೆಸುತ್ತಾ ಹೇಳಿಕೊಂಡರು. ಪರವಾನಗಿ ಮರಳಿಸಿ ಕಚೇರಿಗೆ ಬೀಗ ಹಾಕುವುದೋ, ಅಥವಾ ಇನ್ನೊಬ್ಬರು ಪರವಾನಗಿ ಪಡೆದು ನಡೆಸುವುದೋ, ಇದು ಮಾತು. ಸಣ್ಣಕ್ಕ ಕೀಲಿಮಣೆಯಿಂದ ತಲೆ ಎತ್ತಲಿಲ್ಲ. ಆದರೆ ಬೆರಳು ನಿಂತಿತ್ತು. ಅದನ್ನು ನೋಡಿ ಅವರು ಅಂದರು:

“ಇಷ್ಟು ವರ್ಷ ನಾನು ನೋಡಿದ್ದನ್ನ ನೀನು ಬರೆದೆ. ಇನ್ಮೇಲೆ ನೀನು ನೋಡು ಕಣಮ್ಮ.”

ಈ ಮಾತಿಗೆ ಅವಳು ಎಷ್ಟು ಕಾಲದಿಂದ ಕಾದಿದ್ದಳೋ ಅವಳಿಗೇ ತಿಳಿಯದು. ಬೆಂಕಿಯ ಬಗ್ಗೆ, ನೀರಿನ ಬಗ್ಗೆ, ಬಿದ್ದ ಗೋಡೆಗಳ ಬಗ್ಗೆ ಅಷ್ಟೆಲ್ಲ ಬರೆದಿದ್ದಳು, ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಒಮ್ಮೆಯಾದರೂ ತಾನೇ ಹೋಗಿ ನೋಡಿ, ತನ್ನ ಹೆಸರಿನಲ್ಲಿ ಒಂದು ವರದಿ ಬರೆಯಬೇಕು ಎಂಬುದು ದೇವರ ಮುಂದೆ ಕೂಡ ಬಾಯಿಬಿಟ್ಟು ಕೇಳದ ಆಸೆ. ಅಂದು ಸಂಜೆ ಕೇಳಿದಳು.

ಪರವಾನಗಿ ಪಡೆಯುವ ದಾರಿ ಹೀಗೆ: ಪರವಾನಗಿ ಇದ್ದವರ ಜೊತೆ ತಿರುಗಿ ಕೆಲಸ ಕಲಿಯಬೇಕು, ಬರಹದ ಪರೀಕ್ಷೆ ಪಾಸಾಗಬೇಕು, ಕೊನೆಗೆ ಮಂಡಳಿಯ ಪರೀಕ್ಷಕರ ಎದುರು ನಿಜವಾದ ಒಂದು ಜಾಗಕ್ಕೆ ಹೋಗಿ ನೋಡಿ ಹೇಳಬೇಕು. ಅದಕ್ಕೂ ಮುಂಚೆ ಶಾಖೆ ಆರಿಸಿಕೊಳ್ಳಬೇಕು. ವಾಹನವೋ, ಸರಕೋ, ಯಂತ್ರವೋ, ಬೆಂಕಿಯೋ.

ಗಂಡ ವಾಹನ ಅಂದ. ಮನೆಯಲ್ಲೇ ಗುರು ಇರುವಾಗ ಬೇರೆ ಯೋಚನೆ ಯಾಕೆ ಎಂದು ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಮೂತಿ ಜಜ್ಜಿಹೋದ ಒಂದು ಕಾರಿನ ಮುಂದೆ ನಿಲ್ಲಿಸಿ, ಇದನ್ನು ನೋಡಿದರೆ ಏನು ಬರೆಯುತ್ತೀ ಹೇಳು ಎಂದ. ಸಣ್ಣಕ್ಕ ಬಹಳ ಹೊತ್ತು ನೋಡಿದಳು. ಹಿಂದಿನ ಸೀಟಿನಲ್ಲಿ ಯಾವುದೋ ಮಗುವಿನ ಒಂಟಿ ಚಪ್ಪಲಿ ಬಿದ್ದಿತ್ತು.

“ಪಾಪ,” ಅಂದಳು.

“ಪಾಪ ಅಂತ ಬರೆದ್ರೆ ಕಂಪನಿ ಏನು ಕೊಡುತ್ತೆ ಕಣೇ? ಬಂಪರ್ ಅನ್ನು, ರೇಡಿಯೇಟರ್ ಅನ್ನು.”

ಮಗುವಿಗೆ ಏನೂ ಆಗಿಲ್ಲ, ನಿನ್ನೆ ತಾನೇ ಅಪ್ಪನ ಜೊತೆ ಬಂದು ಇಲ್ಲೇ ಕುಣಿದಾಡಿ ಹೋಯಿತು ಎಂದು ಅವನು ಹೇಳಿದ ಮೇಲೆಯೇ ಅವಳು ರೇಡಿಯೇಟರಿನ ಕಡೆ ನೋಡಿದ್ದು. ವಾಹನ ಬೇಡವೆಂದು ಇಬ್ಬರಿಗೂ ಅಲ್ಲೇ ತೀರ್ಮಾನವಾಯಿತು.

ಸರಕು ಅವಳಿಗೆ ಹಿಡಿಸಿತು. ಸಾಹೇಬರ ಜೊತೆ ಗೋದಾಮಿಗೆ ಹೋಗಿ ನೆನೆದ ಚೀಲಗಳೊಳಗೆ ಕೈ ಇಟ್ಟು ಎಲ್ಲಿಯವರೆಗೆ ತೇವ ಏರಿದೆ ಎಂದು ನೋಡಿದಳು. ಆದರೆ ಸರಕಿನವರು ಹಡಗು ಎಲ್ಲಿ ನಿಂತರೆ ಅಲ್ಲಿಗೆ ಓಡಬೇಕು, ಅಜ್ಜಿಯನ್ನು ಬಿಟ್ಟು ಅಷ್ಟು ದಿನ ಇರಲಾರಳು. ಯಂತ್ರಗಳು ಅವಳಿಗೂ ಅರ್ಥವಾಗಲಿಲ್ಲ, ಅವಳೂ ಯಂತ್ರಗಳಿಗೆ ಅರ್ಥವಾಗಲಿಲ್ಲ.

ಹೀಗಿರುವಾಗ ಒಂದು ಮನೆಯ ಅಡುಗೆಕೋಣೆಗೆ ಬೆಂಕಿ ಬಿದ್ದು ಸಾಹೇಬರು ಅವಳನ್ನು ಜೊತೆಗೆ ಕರೆದರು. ಜನರಿಗೆ ಏನೂ ಆಗಿರಲಿಲ್ಲ. ಕೋಣೆ ಮಾತ್ರ ಕಪ್ಪಗೆ, ಒದ್ದೆಯಾಗಿ, ಉಸಿರು ಹಿಡಿದು ನಿಂತಿತ್ತು. ಒಳಗೆ ಕಾಲಿಡುವಾಗ ಅವಳಿಗೆ ಭಯವಿತ್ತು. ನಿಂತು ನೋಡುತ್ತಾ ಅದು ಇಳಿಯಿತು. ಎಲ್ಲರೂ ಸುಟ್ಟದ್ದನ್ನು ನೋಡುತ್ತಿದ್ದರು, ಅವಳ ಕಣ್ಣು ಉಳಿದದ್ದರ ಮೇಲೆ ಹೋಯಿತು. ಗೋಡೆಯ ಮಸಿಯ ನಡುವೆ ಒಂದು ಬಿಳಿಯ ದುಂಡು, ಅಲ್ಲಿ ತಟ್ಟೆ ತೂಗುಹಾಕಿದ್ದರು. ಹಲಗೆಯ ಮೇಲೆ ಸಾಲಾಗಿ ತಿಳಿಬಣ್ಣದ ಚೌಕಗಳು, ಅಲ್ಲಿ ಡಬ್ಬಿಗಳಿದ್ದವು. ಕೊನೆಯ ಚೌಕ ಚಿಕ್ಕದು, ಅದು ಉಪ್ಪಿನದೇ ಇರಬೇಕು, ಒಲೆಗೆ ಹತ್ತಿರ. ಹೋದದ್ದೆಲ್ಲ ತನ್ನ ಜಾಗ ಬಿಟ್ಟು ಹೋಗಿತ್ತು. ದೇವರು ಕಿತ್ತುಕೊಳ್ಳುವಾಗಲೂ ಗುರುತು ಉಳಿಸಿ ಕಿತ್ತುಕೊಳ್ಳುತ್ತಾನೆ ಎಂದು ಅವಳಿಗೆ ಅನಿಸಿ, ಅಲ್ಲಿಯೇ ಮನಸ್ಸಿನಲ್ಲಿ ಕೈ ಮುಗಿದಳು. ಆಮೇಲೆ ಹಲಗೆಯ ಮೇಲೆ ಏನೇನಿತ್ತು ಎಂದು ಒಂದೊಂದಾಗಿ ಹೇಳಿದಳು. ಮನೆಯೊಡತಿ ಹೌದು ಹೌದು ಎನ್ನುತ್ತಾ ಅಳು ಮರೆತು, ಚಹಾಪುಡಿಯ ಡಬ್ಬಿಗೆ ಮುಚ್ಚಳ ಸರಿಯಿರಲಿಲ್ಲ ಎಂಬ ಹಳೆಯ ದೂರು ಹೇಳಿಕೊಳ್ಳತೊಡಗಿದಳು. ಹೊರಗೆ ಬಂದ ಮೇಲೆ ಸಾಹೇಬರು ಅರ್ಜಿಯಲ್ಲಿ ಬೆಂಕಿ ಶಾಖೆ ಎಂದು ಬರೆ ಅಂದರು. ಅವಳು ಆಗಲೇ ಬರೆದಾಗಿತ್ತು.

ಬರಹದ ಪರೀಕ್ಷೆ ಕಷ್ಟವಾಗಲಿಲ್ಲ. ಕಾಯಿದೆಯ ಪುಸ್ತಕವನ್ನು ಗೋಡೆಗೆ ಒರಗಿಸಿಟ್ಟು ಪಾತ್ರೆ ತೊಳೆಯುತ್ತಾ ಓದಿದಳು. ಪುಸ್ತಕದ ಮೇಲೆ ಸೋಪಿನ ನೊರೆ ಹಾರಿ, ಹೊಣೆಗಾರಿಕೆಯ ಅಧ್ಯಾಯ ಪೂರ್ತಿ ಉಬ್ಬಿಕೊಂಡಿತು. ಪಾಸಾದಳು.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಪಾತ್ರೆ ಅಂಗಡಿಯೊಂದರ ಹಿಂಬದಿಯಲ್ಲಿ ಸಣ್ಣದಾಗಿ ಬೆಂಕಿ ಬಿದ್ದಿತ್ತು. ಸಾಹೇಬರು ಈ ಸಲ ವರದಿ ನಿನ್ನದೇ ಮಾತಿನಲ್ಲಿರಲಿ ಎಂದರು. ಸಣ್ಣಕ್ಕ ಸಂತೋಷದಿಂದ ಬರೆದು ಮೇಜಿನ ಮೇಲಿಟ್ಟಳು. ಅವರು ಓದಿದರು, ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. ‘ಹಿಂದಿನ ಕಪಾಟಿನ ಗಾಜಿನ ಲೋಟಗಳೆಲ್ಲ ಹೆಚ್ಚಿವೆ. ಪಕ್ಕದ ಪೆಟ್ಟಿಗೆಗಳು ಪೂರ್ಣವಾಗಿ ತುಂಬಿವೆ’ ಎಂದಿತ್ತು.

“ಲೋಟ ಹೆಚ್ಚಿದ್ರೆ ಕಂಪನಿಯವರಿಗೆ ಸಂತೋಷ ಆಗುತ್ತೆ ಕಣಮ್ಮ. ದುಡ್ಡು ಯಾಕೆ ಕೊಡ್ತಾರೆ?”

ಅವಳಿಗೆ ತಪ್ಪು ಎಲ್ಲಿದೆ ಎಂದೇ ಕಾಣಲಿಲ್ಲ. ಇಷ್ಟು ವರ್ಷ ಅವರ ಮಾತು ಬರೆಯುವಾಗ ಬಾರದ ತೊಡಕು ತನ್ನ ಮಾತು ಬರೆಯುವಾಗ ಬಂದಿತ್ತು. ಒಡೆದಿದೆ ಎಂದು ಬರೆಯಬೇಕಾದ ಜಾಗದಲ್ಲಿ ಬೆರಳು ತಾನಾಗಿ ಹಿಂದೆ ಸರಿದು ಅಜ್ಜಿಯ ಮಾತನ್ನು ಹುಡುಕುತ್ತಿತ್ತು. ಸಾಹೇಬರು ನಗುತ್ತಲೇ, ಆದರೆ ನಿಜವಾಗಿ, ಪರೀಕ್ಷಕರ ಎದುರು ಹೀಗೆ ಹೇಳಿದರೆ ಲೈಸೆನ್ಸು ಸಿಗಲಾರದು, ಹಾಗಾದರೆ ಕಚೇರಿಗೂ ಬೀಗವೇ ಎಂದರು.

ಸಣ್ಣಕ್ಕ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಶುರುಮಾಡಿದಳು. ಒಡೆಯಿತು, ಸುಟ್ಟಿತು, ಹಾಳಾಯಿತು. ನೀರಿನ ಸದ್ದಿನಲ್ಲಿ ಯಾರಿಗೂ ಕೇಳದು ಎಂದುಕೊಂಡಿದ್ದಳು. ಕೇಳಿತು. ದೇವರ ಕೋಣೆಯಲ್ಲಿದ್ದ ಅಜ್ಜಿ ಗಂಟೆ ಬಾರಿಸತೊಡಗಿದರು. ಇವಳು ಒಡೆಯಿತು ಅಂದಾಗಲೆಲ್ಲ ಅತ್ತ ಗಂಟೆ. ಮುಖ ತೊಳೆಯಲು ಬಂದ ಗಂಡ ಇಬ್ಬರ ನಡುವೆ ನಿಂತು, ಇವತ್ತು ಏನು ವಿಶೇಷ ಎಂದು ಕೇಳಿ ಇಬ್ಬರಿಂದಲೂ ಬೈಸಿಕೊಂಡ.

ಕೊನೆಗೆ ಅವಳು ಅಜ್ಜಿಯ ಪಕ್ಕದಲ್ಲಿ ಹೋಗಿ ಕುಳಿತು ಎಲ್ಲವನ್ನೂ ಹೇಳಿದಳು. ಲೋಟದ ಸಂಗತಿ ಕೇಳಿ ಅಜ್ಜಿಗೆ ನಗು ಬಂತು, ಆದರೆ ದೇವರ ಮುಂದೆ ಇದ್ದುದರಿಂದ ಸೆರಗಿನಲ್ಲಿ ಮುಚ್ಚಿಕೊಂಡರು. ಆಮೇಲೆ ಬತ್ತಿ ಸರಿಮಾಡುತ್ತಾ ನಿಧಾನವಾಗಿ ಹೇಳಿದರು:

“ನಾವು ಹೆಚ್ಚಿತು ಅನ್ನೋದು ಕಳಕೊಂಡವರ ಮುಂದೆ ಕಣೇ. ಅವರ ಕಿವಿ ಆಗಲೇ ನೊಂದಿರುತ್ತೆ. ಕಂಪನಿಯ ಕಿವಿಗೆ ಎಂಥ ನೋವು? ಅಲ್ಲಿ ಒಡೆದದ್ದನ್ನ ಒಡೆದಿದೆ ಅಂತಲೇ ಬರಿ.”

“ದೇವರು ಕೇಳಿಸ್ಕೊಂಡ್ರೆ?”

“ಕಚೇರಿ ಕಾಗದ ಓದೋಕೆ ಅವನಿಗೆ ಪುರುಸೊತ್ತಿಲ್ಲ. ಬರಿ. ಬಾಯಲ್ಲಿ ಮಾತ್ರ ಅನ್ಬೇಡ.”

ಅರ್ಧ ಅಪ್ಪಣೆಯಾದರೂ ಅಪ್ಪಣೆಯೇ. ಅಂದಿನಿಂದ ಅವಳ ಬೆರಳಿನ ಗಂಟು ಬಿಚ್ಚಿತು. ನಾಲಿಗೆಯದು ಹಾಗೆಯೇ ಉಳಿಯಿತು. ಆದರೆ ಕೊನೆಯ ಪರೀಕ್ಷೆ ಬಾಯಿಯದು.

ಆ ದಿನ ಬೆಳಗ್ಗೆ ಪರೀಕ್ಷಕಿ ಅವಳನ್ನು ಕರೆದುಕೊಂಡು ಹೋದದ್ದು ಪೇಟೆಯ ಹಿಂದಿನ ಓಣಿಗೆ. ಕಂಪನಿಯೊಂದು ತೀರ್ಮಾನಿಸಲಾಗದೆ ಇಟ್ಟುಕೊಂಡ ಕಡತವನ್ನು ಅಭ್ಯರ್ಥಿಯ ಕೈಗೆ ಕೊಟ್ಟು ನೋಡುವುದು ಮಂಡಳಿಯ ಪದ್ಧತಿಯಂತೆ. ಪರೀಕ್ಷಕಿ ಗಿಡ್ಡ ಹೆಂಗಸು, ಕತ್ತರಿಸಿದ ಕೂದಲು, ನಗುವನ್ನು ಎಲ್ಲೋ ಬೀರುವಿನಲ್ಲಿಟ್ಟು ಬಂದವರ ಮುಖ. ಸಣ್ಣಕ್ಕ ತನ್ನ ಎತ್ತರವನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಬಗ್ಗಿಯೇ ನಡೆದಳು.

ಸುಟ್ಟದ್ದು ಬಟ್ಟೆಯ ಹೂ ಮಾಡುವ ಒಂದು ಕೋಣೆ. ಟೋಪಿಗೆ, ಹೂದಾನಿಗೆ, ನಾಟಕದ ಉಡುಪಿಗೆ ಬೇಕಾಗುವ ಹೂಗಳು. ತೆಳುಬಟ್ಟೆಯನ್ನು ದಳದ ಆಕಾರಕ್ಕೆ ಕತ್ತರಿಸಿ, ಸಣ್ಣ ಕಬ್ಬಿಣದ ಗುಂಡನ್ನು ದೀಪದ ಮೇಲೆ ಬಿಸಿಮಾಡಿ ಒತ್ತಿದರೆ ದಳ ನಿಜವಾದ ಹೂವಿನ ಹಾಗೆ ಬಾಗುತ್ತದೆ. ಮಾಲೀಕಳು ವಯಸ್ಸಾದ ಹೆಂಗಸು, ಓಣಿಯವರು ಹೂವಮ್ಮ ಎನ್ನುತ್ತಿದ್ದರು. ಆಕೆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕುಳಿತು, ಉಳಿದ ಬಟ್ಟೆಯಲ್ಲಿ ದಳ ಕತ್ತರಿಸುತ್ತಲೇ ಇದ್ದಳು.

ಪರೀಕ್ಷಕಿ ಕಡತ ಬಿಚ್ಚಿ, ಕಂಪನಿಯವರು ಫೋನಿನಲ್ಲಿ ಬರೆದುಕೊಂಡಿದ್ದ ಹೂವಮ್ಮನ ಹೇಳಿಕೆಯನ್ನು ಸಣ್ಣಕ್ಕನಿಗೆ ಕೊಟ್ಟರು. ‘ಸಂಜೆ ಕೆಲಸ ಮುಗಿಸಿ, ದೀಪ ದೊಡ್ಡದು ಮಾಡಿ, ಬೀಗ ಹಾಕಿಕೊಂಡು ಹೊರಟೆ’ ಎಂದಿತ್ತು. ಇದರಲ್ಲಿ ಮಾಲೀಕರ ತಪ್ಪೇನು ಹೇಳಿ ಎಂದರು. ತಪ್ಪೇನೂ ಇಲ್ಲ ಮೇಡಂ ಎಂದಳು ಸಣ್ಣಕ್ಕ. ಪರೀಕ್ಷಕಿ ಅವಳ ಮುಖ ನೋಡಿದರು. ಬಟ್ಟೆ, ಮೇಣ, ಅಂಟು ತುಂಬಿದ ಕೋಣೆಯಲ್ಲಿ ದೀಪ ದೊಡ್ಡದು ಮಾಡಿಟ್ಟು ಬೀಗ ಹಾಕಿ ಹೋಗುವುದು ತಪ್ಪಲ್ಲವೇ ಎಂದು ಕೇಳಿದರು.

“ಹೊರಡೋ ಮುಂಚೆ ದೊಡ್ಡದು ಮಾಡ್ಲೇಬೇಕಲ್ಲ ಮೇಡಂ. ನಮ್ಮನೇಲಿ ದಿನಾ ಮಲಗೋ ಮುಂಚೆ ಮಾಡ್ತೀವಿ.”

ಪರೀಕ್ಷಕಿ ಹಾಳೆಯ ಅಂಚಿನಲ್ಲಿ ಏನೋ ಗೀಚಿಕೊಂಡರು. ಅವರ ಲೇಖನಿ ಹೋದ ಬಗೆ ನೋಡಿದ ಮೇಲೆಯೇ ಸಣ್ಣಕ್ಕನಿಗೆ ಹೊಳೆಯಿತು. ಈ ಹೆಂಗಸು ದೊಡ್ಡದು ಎಂದರೆ ದೊಡ್ಡದು ಎಂದೇ ತಿಳಿದಿದ್ದಾರೆ. ಕಂಪನಿಯೂ ಹಾಗೆಯೇ ತಿಳಿದಿದೆ. ಹೂವಮ್ಮನ ಪರಿಹಾರ ಒಂದು ಮಾತಿನ ಮೇಲೆ ಸಿಕ್ಕಿಕೊಂಡು ಕುಳಿತಿದೆ, ತನ್ನ ಪರವಾನಗಿಯೂ ಈಗ ಅದೇ ಮಾತಿನ ಮೇಲೆ ಬಂದು ಕುಳಿತಿತು. ಬಿಡಿಸಬೇಕಾದರೆ ಆ ಇನ್ನೊಂದು ಮಾತನ್ನು ಬಾಯಿಬಿಟ್ಟು ಆಡಬೇಕು. ಅವಳು ಒಂದು ಕ್ಷಣ ಕಣ್ಣು ಮುಚ್ಚಿ, ಈಗ ಆಡುವುದನ್ನು ಕೇಳಿಸಿಕೊಳ್ಳಬೇಡ, ಇದು ನಿನಗೆ ಹೇಳಿದ್ದಲ್ಲ ಎಂದು ಮೇಲಿನವನಿಗೆ ತಿಳಿಸಿದಳು.

“ದೊಡ್ಡದು ಮಾಡೋದು ಅಂದ್ರೆ ಆರಿಸೋದು ಮೇಡಂ. ಆ ಮಾತು ಆಡಬಾರದು ಅಂತ ಹೀಗಂತಾರೆ.”

ಪರೀಕ್ಷಕಿ ಸಿಡುಕಲಿಲ್ಲ, ಆದರೆ ಒಪ್ಪಲೂ ಇಲ್ಲ. ಅವರು ಬೆಳೆದ ಮನೆಯಲ್ಲಿ ಇಂಥ ಮಾತು ಕೇಳಿರಲಿಲ್ಲವಂತೆ. ಮಾಲೀಕರ ಮೇಲಿನ ಕನಿಕರಕ್ಕೆ ಮಾತನ್ನು ಬಗ್ಗಿಸುವ ಸರ್ವೇಯರುಗಳನ್ನು ಕಂಡಿದ್ದೇನೆ, ಊಹೆ ಯಾಕೆ, ಹೇಳಿದವರೇ ಇಲ್ಲಿದ್ದಾರಲ್ಲ ಎಂದು ಬಾಗಿಲಿಗೆ ಹೋಗಿ ಹೂವಮ್ಮನನ್ನು ನೇರವಾಗಿ ಕೇಳಿದರು:

“ಆ ದಿನ ನೀವು ದೀಪ ಆರಿಸಿದ್ರಾ, ಇಲ್ವಾ?”

ಹೂವಮ್ಮನ ಕೈಯ ಕತ್ತರಿ ನಿಂತಿತು.

“ಬಿಡ್ತು ಅನ್ನಿ ತಾಯಿ. ನಾನ್ಯಾಕೆ ದೀಪ ಆರಿಸ್ಲಿ? ನಮ್ಮ ವಂಶದಲ್ಲೇ ಯಾರೂ ಆರಿಸಿದವರಲ್ಲ.”

ಪರೀಕ್ಷಕಿ ಅದನ್ನು ಅಕ್ಷರ ಬಿಡದೆ ಬರೆದುಕೊಂಡರು. ಹೂವಮ್ಮ ತನ್ನ ಬಾಯಿಂದಲೇ ತನ್ನ ಪರಿಹಾರಕ್ಕೂ ಸಣ್ಣಕ್ಕನ ಲೈಸೆನ್ಸಿಗೂ ಒಟ್ಟಿಗೆ ಎಳ್ಳುನೀರು ಬಿಟ್ಟಿದ್ದಳು, ಅದೂ ತಲೆ ಎತ್ತಿ, ಹೆಮ್ಮೆಯಿಂದ. ಆಕೆಗೆ ಇದರ ಸುಳಿವೂ ಇರಲಿಲ್ಲ. ಅಜ್ಜಿಯನ್ನು ಈ ಪ್ರಶ್ನೆ ಕೇಳಿದ್ದರೆ ಅಜ್ಜಿಯೂ ಇದನ್ನೇ ಹೇಳುತ್ತಿದ್ದರು. ಆ ಯೋಚನೆ ಬಂದದ್ದೇ ಸಣ್ಣಕ್ಕನಿಗೆ ಸ್ವಲ್ಪ ಧೈರ್ಯವಾಯಿತು. ಅಜ್ಜಿಯ ಹತ್ತಿರ ಒಂದು ಸಂಗತಿ ತಿಳಿಯಬೇಕಾದರೆ ಅದನ್ನೇ ಕೇಳಬಾರದು, ಅದರ ಪಕ್ಕದ್ದನ್ನು ಕೇಳಬೇಕು. ಅವಳು ಸ್ಟೂಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತಳು. ಹೂವು ಬಹಳ ಚೆನ್ನಾಗಿವೆ ಎಂದಳು. ದಳ ಬಾಗಿಸುವ ಗುಂಡು ಉಳಿಯಿತೇ ಎಂದು ವಿಚಾರಿಸಿದಳು. ಉಳಿದಿದೆ, ಕಬ್ಬಿಣಕ್ಕೆ ಏನಾಗುತ್ತದೆ ಎಂದಳು ಹೂವಮ್ಮ. ಆಮೇಲೆ ಸಣ್ಣಕ್ಕ ಕೇಳಿದಳು:

“ದೀಪ ದೊಡ್ಡದು ಮಾಡಿದ ಮೇಲೆ ಏನು ಮಾಡಿದ್ರಿ ಅಮ್ಮ?”

“ಮಾಡೋದೇನು, ತಡಕಾಡಿದೆ. ಕರೆಂಟು ಬೇರೆ ಇರ್ಲಿಲ್ಲ. ಗವ್ ಅನ್ನೋ ಕತ್ತಲೆ. ಬೀಗದ ತೂತು ಕೈಗೆ ಸಿಕ್ಕಬೇಕಲ್ಲ.”

“ಕೋಣೆ ಒಳಗೂ ಕತ್ತಲೆನಾ?”

“ಒಳಗೇ ಕಣಮ್ಮ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ನಮ್ಮ ಕೆಲಸದವಳದು ಮೆಟ್ಕೊಂಡು ಹೋಗಿದೀನಿ. ಮನೇಲಿ ನೋಡಿದ್ರೆ ಒಂದು ಕೆಂಪು, ಒಂದು ನೀಲಿ. ಅವಳಿಗೆ ವಾಪಸ್ಸು ಕೊಡೋಣ ಅಂದ್ರೆ ಜೋಡಿ ಎರಡೂ ಇಲ್ಲೇ ಬೂದಿ.”

ಹೂವಮ್ಮ ಸ್ಟೂಲಿನ ಕೆಳಗಿದ್ದ ಪಾದಗಳನ್ನು ಮುಂದೆ ಚಾಚಿದಳು. ಒಂದು ಕೆಂಪು, ಒಂದು ನೀಲಿ. ಪರೀಕ್ಷಕಿ ಆ ಪಾದಗಳನ್ನು ನೋಡಿದರು. ತಮ್ಮ ಹಾಳೆಯನ್ನು ನೋಡಿದರು. ದೀಪ ದೊಡ್ಡದು ಮಾಡಿದ ಕೋಣೆಯಲ್ಲಿ ಕೆಂಪು ನೀಲಿ ಗುರುತಾಗದ ಕತ್ತಲೆ ಎಲ್ಲಿಂದ ಬಂತು ಎಂಬುದು ಅವರ ಮುಖದ ಮೇಲೆ ನಿಧಾನವಾಗಿ ನಡೆದುಹೋಗುವುದನ್ನು ಸಣ್ಣಕ್ಕ ಕಂಡಳು. ಮೊದಲು ತುಟಿಯ ಒಂದು ತುದಿ ಕದಲಿತು. ಅದನ್ನು ತಡೆಯಲು ಹೋಗಿ ಮೂಗಿನಿಂದ ಸದ್ದು ಬಂತು. ಆಮೇಲೆ ಅವರು ಬಾಗಿಲಿನ ಚೌಕಟ್ಟು ಹಿಡಿದು ನಕ್ಕರು ನೋಡಿ, ಕೈಗೆಲ್ಲ ಮಸಿಯಾಗಿ, ಆ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೂ ಮಸಿಯಾಯಿತು. ತನ್ನ ಚಪ್ಪಲಿಯಲ್ಲಿ ನಗುವಂಥದ್ದೇನಿದೆ ಎಂದು ಹೂವಮ್ಮ ಸ್ವಲ್ಪ ಮುನಿಸಿಕೊಂಡಳು.

ನಗು ನಿಂತ ಮೇಲೆ ಪರೀಕ್ಷಕಿ ಮತ್ತೆ ಪರೀಕ್ಷಕಿಯಾದರು. ಮಾತು ಆಯಿತು, ಈಗ ಬೆಂಕಿ ಏನು ಹೇಳುತ್ತದೆ ತೋರಿಸಿ ಎಂದರು. ಸಣ್ಣಕ್ಕ ಒಳಗೆ ಹೋಗಿ ನೆಟ್ಟಗೆ ನಿಂತಳು. ದೀಪವಿದ್ದ ಮೇಜು ಬಾಗಿಲ ಪಕ್ಕದಲ್ಲಿತ್ತು. ಅದರ ಮೇಲೆ ಮಾಡಿನಿಂದ ಉದುರಿದ ಕೆಂಡ ಬಿದ್ದು ಕಪ್ಪಾಗಿತ್ತು, ಕೆಳಗಡೆ ಕೈ ಹಾಕಿದರೆ ಮರ ಬಡಗಿ ಕೊಟ್ಟ ಹಾಗೆಯೇ ಇತ್ತು. ಮೇಜಿನ ಹಿಂದಿನ ಗೋಡೆಯಲ್ಲಿ ಮಸಿ ಮೇಲ್ಭಾಗಕ್ಕೆ ಮಾತ್ರ. ದೀಪದ ತಿರುಪು ಬಿಗಿದಿತ್ತು, ಬತ್ತಿ ಕಂಠದೊಳಕ್ಕೆ ಪೂರ್ತಿ ಇಳಿದು ಕುಳಿತಿತ್ತು. ಉರಿ ಹುಟ್ಟಿದ್ದು ಎದುರಿನ ಮೂಲೆಯಲ್ಲಿ. ಅಲ್ಲಿ ಸ್ವಿಚ್ಚಿನ ಹಲಗೆಯಿಂದ ಮಸಿ ಮೊರದ ಹಾಗೆ ಅಗಲವಾಗುತ್ತಾ ಮೇಲಕ್ಕೆ ಹೋಗಿತ್ತು, ತಂತಿಯ ತಾಮ್ರ ಕರಗಿ ಮಣಿ ಮಣಿಯಾಗಿತ್ತು. ಹೋಗಿದ್ದ ಕರೆಂಟು ಮರಳಿ ಬಂದಾಗ ಅಲ್ಲಿ ಕಿಡಿ ಹಾರಿದೆ. ಇದನ್ನೆಲ್ಲ ಹೇಳುವಾಗ ಸುಟ್ಟಿದೆ, ಕರಗಿದೆ, ಹಾಳಾಗಿದೆ ಎಂಬ ಮಾತುಗಳು ಅವಳ ಬಾಯಿಂದ ಒಂದರ ಹಿಂದೆ ಒಂದು ಬಂದವು. ಹೂವಮ್ಮನಿಗೆ ಕೇಳದಿರಲಿ ಎಂದು ದನಿ ಮಾತ್ರ ತಗ್ಗಿಸಿದ್ದಳು. ಪರೀಕ್ಷಕಿಯೂ ಹತ್ತಿರ ಬಂದು, ತಗ್ಗಿದ ದನಿಯಲ್ಲೇ ಪ್ರಶ್ನೆ ಕೇಳಿದರು.

ಹೊರಡುವಾಗ ಸಂಗತಿ ಏನೆಂದು ಹೂವಮ್ಮನಿಗೆ ತಿಳಿಯಿತು. ಅಷ್ಟು ಹೊತ್ತೂ ಆಕೆ ಸಣ್ಣಕ್ಕನ ಎತ್ತರ ನೋಡಿ ಇವಳೇ ದೊಡ್ಡ ಅಧಿಕಾರಿ, ಗಿಡ್ಡ ಹೆಂಗಸು ಕೆಲಸ ಕಲಿಯಲು ಬಂದವಳು ಎಂದುಕೊಂಡಿದ್ದಳಂತೆ. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದು, ಅದು ತನಗೇ ಎಂದು ಗಾಬರಿಯಾಗಿ ಕೇಳಿದಳು:

“ನಾನು ಪಾಸಾದ್ನಾ ತಾಯಿ?”

“ನೀವು ಪಾಸು,” ಎಂದರು ಪರೀಕ್ಷಕಿ. ಸಣ್ಣಕ್ಕನ ವಿಷಯ ಏನೂ ಹೇಳಲಿಲ್ಲ.

ಇಬ್ಬರೂ ಓಣಿಯ ಕೊನೆಯವರೆಗೆ ನಡೆದರು. ಅಲ್ಲಿ ಪರೀಕ್ಷಕಿ ನಿಂತು, ಮನೆಯಲ್ಲಿ ಯಾವುದಾದರೂ ತುಂಬಿದೆ ಅಂದರೆ ಏನರ್ಥ ಎಂದು ವಿಚಾರಿಸಿದರು. ಮುಗಿದಿದೆ ಅಂತ ಮೇಡಂ, ತಂದುಕೊಡಬೇಕು ಅಂತ ಎಂದಳು ಸಣ್ಣಕ್ಕ. ಪರೀಕ್ಷಕಿ ಕೈಯಲ್ಲಿದ್ದ ಕಡತ ಮುಚ್ಚಿದರು.

“ನಮ್ಮತ್ತೆ ಬೇರೆ ಮನೇಲಿದಾರೆ. ಫೋನು ಮಾಡಿದಾಗೆಲ್ಲ ಎಣ್ಣೆ ತುಂಬಿದೆ, ಹಿಟ್ಟು ತುಂಬಿದೆ ಅಂತಾರೆ. ನಾನು ಬಹಳ ಸಂತೋಷ ಅತ್ತೆ ಅಂತಿದ್ದೆ.” ಕಡತವನ್ನು ಕಂಕುಳಿಗೆ ಸೇರಿಸಿ, “ಇವತ್ತೇ ಹೋಗಿ ನೋಡ್ಬೇಕು,” ಎಂದರು.

ಮಧ್ಯಾಹ್ನ ಮಂಡಳಿಯ ಕಚೇರಿಯಲ್ಲಿ ಸಣ್ಣಕ್ಕ ವರದಿ ಬರೆದಳು. ಒಂದು ಮಾತೂ ಬಟ್ಟೆ ಬದಲಿಸಲಿಲ್ಲ. ಮಾಲೀಕರ ಹೇಳಿಕೆಗೆ ಬಂದಾಗ ಮಾತ್ರ ಆಕೆಯ ಮಾತನ್ನು ಆಕೆ ಆಡಿದ ಹಾಗೆಯೇ ಇಟ್ಟು, ಅದರ ಪಕ್ಕದಲ್ಲಿ ಅರ್ಥ ಬರೆದಳು. ಪರೀಕ್ಷಕಿ ನಿಂತೇ ಓದಿ, ಕೆಳಗೆ ಸಹಿ ಹಾಕಿ, ಮುಂದಿನ ವಾರ ಬಂದು ಪರವಾನಗಿ ತೆಗೆದುಕೊಳ್ಳಿ ಎಂದರು. ಅವರು ಅದನ್ನು ಎಷ್ಟು ಸಾಧಾರಣವಾಗಿ ಹೇಳಿದರೆಂದರೆ ಸಣ್ಣಕ್ಕ ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆಯೇ ಅದು ಅವಳಿಗೆ ಮುಟ್ಟಿದ್ದು. ಅಲ್ಲಿಯೇ ಒಂದು ಕಂಬಕ್ಕೆ ಒರಗಿ, ಯಾರು ನೋಡಿದರೂ ನೋಡಲಿ ಎಂದು ಕೈ ಮುಗಿದಳು.

ಪರವಾನಗಿ ಕೊಡುವ ದಿನ ಗಂಡ ಗ್ಯಾರೇಜಿಗೆ ರಜೆ ಹಾಕಿ ಜೊತೆಗೆ ಬಂದ. ಉಗುರಿನ ಸಂದಿನ ಗ್ರೀಸು ಹೋಗಲೆಂದು ಬೆಳಗ್ಗೆಯಿಂದ ಕೈ ಉಜ್ಜಿ ಉಜ್ಜಿ ಬೆರಳು ಕೆಂಪಾಗಿತ್ತು. ಗುಮಾಸ್ತ ಒಂದು ಪ್ರತಿಜ್ಞೆಯನ್ನು ಕೊಟ್ಟು ಗಟ್ಟಿಯಾಗಿ ಓದಲು ಹೇಳಿದ. ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ, ಯಾರ ಕಡೆಗೂ ವಾಲುವುದಿಲ್ಲ, ಕಳೆದುಕೊಂಡವರನ್ನು ಕಾಯಿಸುವುದಿಲ್ಲ. ಸರ್ಕಾರಿ ಕಾಗದದ ಮಾತೇ ಇರಬಹುದು, ಆದರೆ ಓದುತ್ತಾ ಓದುತ್ತಾ ಅವಳಿಗೆ ಅದು ಪ್ರಾರ್ಥನೆಯಾಗಿ ಕೇಳಿಸಿತು. ಇದನ್ನು ಮೇಲಿನವನು ಕೇಳಿಸಿಕೊಂಡರೂ ಅಡ್ಡಿಯಿಲ್ಲ ಎನಿಸಿ ದನಿ ಇನ್ನಷ್ಟು ಗಟ್ಟಿ ಮಾಡಿದಳು. ಪಕ್ಕದ ಕೋಣೆಯಿಂದ ಯಾರೋ ಬಂದು ಇಣುಕಿ ನೋಡಿ ಹೋದರು. ಗಂಡ ಕೈ ಕಟ್ಟಿ ನಿಂತಿದ್ದ. ಅವಳ ಭಾವಚಿತ್ರವಿದ್ದ ಆ ಸಣ್ಣ ಕಾರ್ಡನ್ನು ತಿರುವಿ ಮುರುವಿ ನೋಡಿ, ಫೋಟೋದಲ್ಲಿ ಕಳ್ಳನನ್ನು ಹಿಡಿದವಳ ಹಾಗೆ ನೋಡುತ್ತಿದ್ದೀಯಲ್ಲೇ ಎಂದ.

ಮನೆಯ ಕಡೆ ಬೈಕಿನಲ್ಲಿ ಬರುವಾಗ ಫೋನು ಬಂತು. ಸಾಹೇಬರು. ಕಾರ್ಡು ಕೈಗೆ ಬಂತಾ ಎಂದು ಕೇಳಿದರು, ಬಂತು ಎಂದ ಮೇಲೆ ಅಭಿನಂದನೆ ಕೂಡ ಹೇಳದೆ ವಿಷಯಕ್ಕೆ ಬಂದರು. ಸೇತುವೆಯ ಹತ್ತಿರದ ಇಸ್ತ್ರಿ ಅಂಗಡಿ, ಬೆಳಗ್ಗೆ ಬೆಂಕಿ, ಯಾರಿಗೂ ಪೆಟ್ಟಾಗಿಲ್ಲ. ಅಂಗಡಿಯವನು ಊರವರ ಬಟ್ಟೆಯೆಲ್ಲ ಹೋಯಿತೆಂದು ಹೊರಗೆ ಕುಳಿತು ಅಳುತ್ತಿದ್ದಾನೆ. ಕಂಪನಿಯವರು ಸರ್ವೇಯರ್ ಯಾರು ಬರುತ್ತಾರೆ ಅಂದರು, ನಿನ್ನ ಹೆಸರು ಕೊಟ್ಟಿದ್ದೇನೆ ಎಂದರು. ಸಣ್ಣಕ್ಕ ಫೋನು ಇಟ್ಟು ಗಂಡನ ಬೆನ್ನು ತಟ್ಟಿದಳು.

“ರೀ, ಗಾಡಿ ತಿರುಗಿಸಿ.”

“ಹೊಸ ಬಟ್ಟೆ ಕಣೇ. ಮಸಿಯಾಗುತ್ತೆ.”

“ಆಗ್ಲಿ. ಸೇತುವೆ ಕಡೆ ಹೋಗಿ.”

ಅವನು ಕೈ ತೋರಿಸಿ, ಹಿಂದಿನ ಲಾರಿಗೆ ದಾರಿ ಬಿಟ್ಟು, ನಡುರಸ್ತೆಯಲ್ಲೇ ಬೈಕು ತಿರುಗಿಸಿದ.